ಒದ್ದೆ ಮಡಿ

ಅಸೆಪ್ಸಿಸ್ ಎಂಬ ಪದವನ್ನು ನಾನು ಮೂವತ್ತೊಂದು ವರ್ಷ ಕಲಿಸಿದ್ದೇನೆ. ಕಲಿತವರಲ್ಲಿ ಅರ್ಧ ಜನಕ್ಕೆ ಅದು ಇವತ್ತಿಗೂ 'ಸ್ವಚ್ಛತೆ' ಅಷ್ಟೇ. ಯಾರಾದರೂ ಹಾಗೆ ಬರೆದುಕೊಂಡು ಬಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸ್ವಚ್ಛ ಅಂದರೆ ಕಣ್ಣಿಗೆ ಕೊಳೆ ಕಾಣದಿರುವುದು. ತೊಳೆದ ತಟ್ಟೆ ಸ್ವಚ್ಛ, ಗುಡಿಸಿದ ಅಂಗಳ ಸ್ವಚ್ಛ. ಅಸೆಪ್ಸಿಸ್ ಅಂದರೆ ರೋಗ ತರುವ ಕ್ರಿಮಿ ಒಂದೂ ಇಲ್ಲದ ಸ್ಥಿತಿ, ಮತ್ತು ಆ ಸ್ಥಿತಿ ಕೆಡದಂತೆ ಕಾಯುವ ಕ್ರಮ. ಗಾಯಕ್ಕೆ ಔಷಧಿ ಹಚ್ಚಿ ಕ್ರಿಮಿ ಕೊಲ್ಲುವುದು ಬೇರೆ ಕೆಲಸ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಕ್ರಿಮಿ ಗಾಯದ ಹತ್ತಿರವೇ ಸುಳಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅದರಲ್ಲಿ 'ಸ್ವಲ್ಪ ಕಡಿಮೆ ಇದೆ' ಎಂಬ ಮಾತು ನಡೆಯುವುದಿಲ್ಲ.

ಈಗ ನಾನು ಯಾರಿಗೂ ಏನೂ ಕಲಿಸುವುದಿಲ್ಲ. ಯಾಕೆ ಎಂಬುದನ್ನು ಹೇಳಿಬಿಡುತ್ತೇನೆ.

ಗಂಗಾವತಿಯಿಂದ ಕಾರಟಗಿಗೆ ಹೋಗುವ ರಸ್ತೆಯಲ್ಲಿ ಇಪ್ಪತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆ. ಹೆಸರು ಬೇಡ, ಹೇಳಿದರೆ ಯಾರಿಗೂ ಒಳ್ಳೆಯದಾಗುವುದಿಲ್ಲ. ಡಾಕ್ಟರು ಶಾಂತಕುಮಾರ ಅದರ ಮಾಲೀಕರೂ ಹೌದು. ಹೆರಿಗೆ, ಸಿಜೇರಿಯನ್, ಗರ್ಭಕೋಶದ ಆಪರೇಷನ್ ಅಲ್ಲಿಯ ಮುಖ್ಯ ಕಸುಬು. ನಾನು, ಸುಕನ್ಯಾ, ಆಪರೇಷನ್ ಥಿಯೇಟರಿನ ಹೊಣೆ ಹೊತ್ತ ನರ್ಸು. ಆಸ್ಪತ್ರೆಯ ಆಚೆಗೊಂದು ಈಚೆಗೊಂದು ರೈಸ್ ಮಿಲ್ಲು. ಸುಗ್ಗಿ ಬಂತೆಂದರೆ ಮಿಲ್ಲಿನವರು ಬಾಯ್ಲರಿಗೆ ಭತ್ತದ ಹೊಟ್ಟು ಸುರಿದು ಉರಿಸುತ್ತಾರೆ, ಕರಿ ಬೂದಿ ಹಾರಿ ಬಂದು ಕಿಟಕಿ, ಹಾಸಿಗೆ, ಊಟದ ತಟ್ಟೆ ಯಾವುದನ್ನೂ ಬಿಡುವುದಿಲ್ಲ. ಇಂಥ ಜಾಗದಲ್ಲಿ ಥಿಯೇಟರು ಕಟ್ಟಿದ ಪುಣ್ಯಾತ್ಮನನ್ನು ನಾನು ವರ್ಷಕ್ಕೆ ಮೂರು ತಿಂಗಳು ಬೈಯುತ್ತಿದ್ದೆ. ಡಾಕ್ಟರು ಕೇಳಿಸಿಕೊಳ್ಳುತ್ತಿದ್ದರು, ನಗುತ್ತಿದ್ದರು, ಕಿಟಕಿಗೆ ಹೊಸ ಜಾಲರಿ ಮಾತ್ರ ಹಾಕಿಸುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ವಿರೂಪಾಕ್ಷಮ್ಮ ಆಯಾ ಕೆಲಸಕ್ಕೆ ಬಂದಳು. ಯಲಬುರ್ಗಾ ಕಡೆಯವಳು, ಗಂಡ ಇಲ್ಲ, ವಯಸ್ಸು ಐವತ್ತೈದರ ಮೇಲೆ. ಊರ ಮಠದ ಅಡುಗೆ ಮನೆಯಲ್ಲಿ ಹದಿನೆಂಟು ವರ್ಷ ದೇವರ ಎಡೆ ಮಾಡಿದವಳು. ಮಠಕ್ಕೆ ಬೇರೆ ಅಡುಗೆಯವರು ಬಂದ ಮೇಲೆ ಮಗಳು ಅಮೃತಾಳ ಮನೆ ಸೇರಿ, ಗಂಗಾವತಿಯಲ್ಲಿ ಕೆಲಸ ಹುಡುಕಿಕೊಂಡಿದ್ದಳು. ಥಿಯೇಟರಿನಲ್ಲಿ ಆಕೆಯ ಕೆಲಸ ಇಷ್ಟು: ಆಪರೇಷನ್ನಿಗೆ ಬೇಕಾದ ನಿಲುವಂಗಿ, ಅರಿವೆ, ಹತ್ತಿಯನ್ನು ಎರಡು ಪದರ ಬಟ್ಟೆಯಲ್ಲಿ ಗಂಟು ಕಟ್ಟುವುದು, ಆಟೋಕ್ಲೇವಿಗೆ ಹಾಕುವುದು, ತೆಗೆದು ಕಪಾಟಿನಲ್ಲಿ ಇಡುವುದು. ಆಟೋಕ್ಲೇವ್ ಅಂದರೆ ಮನೆಯ ಕುಕ್ಕರಿನ ದೊಡ್ಡಣ್ಣ, ಹಬೆಯ ಒತ್ತಡದಲ್ಲಿ ಎಲ್ಲ ಕ್ರಿಮಿಯನ್ನೂ ಸಾಯಿಸುವ ಯಂತ್ರ.

ಮೊದಲ ತಿಂಗಳು ಆಕೆ ನನ್ನ ತಲೆ ತಿಂದಳು. ಬ್ಯಾಕ್ಟೀರಿಯಾ ಎಂದೆ, ತಲೆಯಾಡಿಸಿದಳು. ಸೂಕ್ಷ್ಮಜೀವಿ ಎಂದೆ, ಅದಕ್ಕೂ ತಲೆಯಾಡಿಸಿದಳು. ಮರುಕ್ಷಣ ಬರಿಗೈಯಲ್ಲಿ ಗಂಟು ಬಿಚ್ಚಿ ಒಳಗಿನ ಅರಿವೆ ಎತ್ತಿಕೊಡುತ್ತಿದ್ದಳು.

"ಕೈ ತೊಳ್ಕೊಂಡೀನ್ರಿ ಅಕ್ಕಾರ, ಸಾಬಾಣ ಹಚ್ಚಿ ತೊಳ್ಕೊಂಡೀನಿ" ಎಂದು ಕೈ ಮೂಸಿಸಲು ಬರುತ್ತಿದ್ದಳು.

ಕಣ್ಣಿಗೆ ಕಾಣದ್ದನ್ನು ನಂಬಿಸುವುದು ಹೇಗೆ? ಒಂದು ದಿನ ಸಿಟ್ಟಿನಲ್ಲಿ ಅಂದುಬಿಟ್ಟೆ, "ಮಠದಾಗ ಹದಿನೆಂಟು ವರ್ಷ ಮಡಿ ಮಾಡೀದಿ, ಮಡಿ ಅಂದ್ರ ಗೊತ್ತಿಲ್ಲೇನ ನಿನಗ? ಇದೂ ಮಡಿನ. ಅಸೆಪ್ಸಿಸ್ ಅಂದ್ರ ಥಿಯೇಟರಿನ ಮಡಿ. ಮುಟ್ಟಿದ್ರ ಕೆಡ್ತೈತಿ, ಕೆಟ್ರ ಮತ್ತ ಮೊದಲಿಂದ ಮಾಡಬೇಕು."

ಆಕೆಯ ಮುಖದಲ್ಲಿ ದೀಪ ಹಚ್ಚಿದ ಹಾಗಾಯಿತು. "ಅಯ್ಯ, ಇಷ್ಟ ಏನ್ರಿ? ಮೊದಲ ಹೇಳಬಾರದೇನ್ರಿ!"

ಅವತ್ತಿನಿಂದ ನೋಡಬೇಕಿತ್ತು ವಿರೂಪಾಕ್ಷಮ್ಮನನ್ನು. ಯಾರ ಸೆರಗು ಕಪಾಟಿಗೆ ತಗುಲಿದರೂ ಗಂಟು ವಾಪಸ್ಸು ಯಂತ್ರಕ್ಕೆ. ಮಡಿ ಸೀರೆಯನ್ನು ಕೋಲಿನಿಂದ ಎತ್ತಿ ಅಭ್ಯಾಸವಾದ ಕೈಗೆ ಚಿಮಟ ಹಿಡಿಯುವುದು ಏನು ಕಷ್ಟ? ಒಂದು ಸಲ ಡಾಕ್ಟರು ಮಾಸ್ಕಿಲ್ಲದೆ ಥಿಯೇಟರಿನ ನೆಲದ ಕೆಂಪು ಗೆರೆ ದಾಟಿ ಒಳಗೆ ಕಾಲಿಟ್ಟರೆ, "ಸಾಹೇಬ್ರ, ಮೈಲಿಗಿ ಆಕ್ಕೈತಿ, ಹಿಂದ ಸರೀರಿ" ಎಂದು ಗದರಿಸಿದಳು. ನಾನು ಮಾಸ್ಕಿನೊಳಗೆ ನಕ್ಕೆ. ಯಾಕೆ ನಕ್ಕೆ ಎಂಬುದಕ್ಕೆ ಬೇರೆ ಕಾರಣವೂ ಇತ್ತು. ನಮ್ಮವ್ವ ಫಕೀರಮ್ಮ ಇಂಥದೇ ಒಂದು ಮಠದ ಅಂಗಳ ಗುಡಿಸುತ್ತಿದ್ದಳು. ಒಳಗಿನಿಂದ ಒದ್ದೆ ಮಡಿಯುಟ್ಟವರು ನೀರು ತರಲು ಹೊರಟರೆ ಅವ್ವ ಪೊರಕೆ ಹಿಡಿದುಕೊಂಡು ಗೋಡೆಗೆ ಒತ್ತಿ ನಿಲ್ಲಬೇಕಿತ್ತು, ನಾನೂ ಅವಳ ಸೆರಗಿನ ಹಿಂದೆ ನಿಲ್ಲಬೇಕಿತ್ತು. ಆ ಮಡಿಯ ಬಗ್ಗೆ ನನಗೆ ಹೊಟ್ಟೆಯಲ್ಲಿ ಕಿಚ್ಚಿತ್ತು. ಈಗ ಮಡಿಯ ಒಳಗೆ ನಿಂತವಳು ನಾನು, ಹೊರಗೆ ನಿಲ್ಲಬೇಕಾದವರು ಡಾಕ್ಟರು, ಮಿಲ್ ಮಾಲೀಕರು, ಲೀಡರುಗಳು. ಆ ಸುಖವನ್ನು ನಾನು ಬಿಡಲಿಲ್ಲ. ಹೋಲಿಕೆ ಎಲ್ಲಿಯವರೆಗೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಒಂದು ದಿನವೂ ಕೂತು ಯೋಚಿಸಲಿಲ್ಲ.

ತಪಾಸಣೆಗೆ ಬರುವವರ ಮುಂದೆ ಹೇಳಲಿ ಎಂದು ಒಂದು ವಾಕ್ಯವನ್ನೂ ಬಾಯಿಪಾಠ ಮಾಡಿಸಿದೆ. "ಅಸೆಪ್ಸಿಸ್ ಅಂದ್ರ ರೋಗದ ಕ್ರಿಮಿ ಒಂದೂ ಇಲ್ಲದ ಸ್ಥಿತಿರಿ." ಎರಡು ವಾರದಲ್ಲಿ ಗಿಣಿಯಂತೆ ಹೇಳಲು ಕಲಿತಳು. ತರಬೇತಿಯ ಪುಸ್ತಕದಲ್ಲಿ ಆಕೆ ಹೆಬ್ಬೆಟ್ಟು ಒತ್ತಿದಳು, ಪಕ್ಕದಲ್ಲಿ ನಾನು ಸಹಿ ಮಾಡಿದೆ.

ಹೋದ ಡಿಸೆಂಬರಿನಲ್ಲಿ ಕುಷ್ಟಗಿಯಲ್ಲಿ ನಮ್ಮ ಅಕ್ಕನ ಗಂಡ ತೀರಿಕೊಂಡರು. ಹನ್ನೊಂದು ದಿನ ರಜೆ ಹಾಕಿ ಹೋದೆ. ಭತ್ತದ ಸುಗ್ಗಿ ಆಗ ಜೋರು, ಮಿಲ್ಲುಗಳು ಹಗಲು ರಾತ್ರಿ ಎನ್ನದೆ ನಡೆಯುತ್ತಿದ್ದವು.

ಹನ್ನೆರಡನೆಯ ದಿನ ಬೆಳಿಗ್ಗೆ ವಾರ್ಡಿಗೆ ಕಾಲಿಟ್ಟ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಸಿಜೇರಿಯನ್ ಆದ ಮೂವರ ಹೊಲಿಗೆಯಲ್ಲಿ ಕೀವು, ಹಸಿರು ಬಣ್ಣದ್ದು. ಇಬ್ಬರಿಗೆ ಜ್ವರ ಇಳಿಯತೊಡಗಿತ್ತು. ಮೂರನೆಯವಳು ಮಲ್ಲೇಶ್ವರಿ, ಇಪ್ಪತ್ಮೂರು ವರ್ಷದವಳು, ಕಾರಟಗಿಯ ಆಚೆಯ ಹಳ್ಳಿಯವಳು. ಚೊಚ್ಚಲ ಹೆರಿಗೆ, ಹೆಣ್ಣು ಕೂಸು. ಹೊಲಿಗೆ ಬಿಚ್ಚಿಕೊಂಡಿತ್ತು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಅತ್ತೆ ಬಸವಣ್ಣೆಮ್ಮ ಮಂಚದ ಪಕ್ಕ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು.

ನಾನು ಗಾಯ ತೊಳೆಯಲು ಬಗ್ಗಿದಾಗ ಮಲ್ಲೇಶ್ವರಿ ನನ್ನ ಕೈ ಹಿಡಿದಳು. "ಅಕ್ಕಾರ, ನನ್ನ ಹೊಟ್ಟಿ ನಾರಾಕ ಹತ್ತೈತಿ. ಹಾಲ ಕುಡಿಸುವಾಗ ಕೂಸಿಗೆ ತಿಳೀತೈತೇನ್ರಿ?"

"ಕೂಸಿಗೆ ಅವ್ವನ ವಾಸನಿ ಅಷ್ಟ ತಿಳೀತೈತಿ, ಬ್ಯಾರೆ ತಿಳಿಯೂದಿಲ್ಲ" ಎಂದೆ. ಗಾಯ ತೊಳೆದು ಹೊಸ ಪಟ್ಟಿ ಕಟ್ಟಿದೆ.

ಸೀದಾ ಥಿಯೇಟರಿಗೆ ಹೋದೆ. ಯಂತ್ರ ನೋಡಿದೆ, ಒತ್ತಡ ಸರಿಯಿತ್ತು, ಸಮಯ ಸರಿಯಿತ್ತು. ಗಂಟುಗಳ ಮೇಲೆ ಅಂಟಿಸುವ ಪಟ್ಟಿ ಹಬೆಗೆ ಸಿಕ್ಕರೆ ಕಪ್ಪಾಗುತ್ತದೆ, ಪ್ರತಿ ಗಂಟಿನ ಪಟ್ಟಿಯೂ ಕಪ್ಪಾಗಿತ್ತು. ಮತ್ತೆ ಎಲ್ಲಿ ತಪ್ಪಿತು ಎಂದು ತಲೆ ಕೆಡಿಸಿಕೊಂಡು ನಿಂತಿರುವಾಗಲೇ ವಿರೂಪಾಕ್ಷಮ್ಮ ಒಳಗೆ ಬಂದಳು. ನನ್ನನ್ನು ನೋಡಿ ಮುಖ ಅರಳಿತು. ಮೂಲೆಯ ಬಕೆಟಿಗೆ ಚಿಮಟ ಇಳಿಸಿ ದೊಡ್ಡದೊಂದು ಬಿಳಿ ಅರಿವೆ ಎತ್ತಿದಳು, ನೀರು ಹಿಂಡಿದಳು, ಕಪಾಟಿನ ಗಂಟುಗಳ ಮೇಲೆ ಮೆತ್ತಗೆ ಹೊದಿಸಿದಳು. ಮಗುವಿಗೆ ಹೊದಿಸಿದ ಹಾಗೆ ನಾಲ್ಕೂ ಕಡೆ ಸಿಕ್ಕಿಸಿದಳು.

"ಏನ ಮಾಡಾಕತ್ತೀದಿ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಬೂದಿ ಭಾಳ ಬೀಳಾಕತ್ತಿತ್ರಿ ಅಕ್ಕಾರ. ನೀವು ಬ್ಯಾರೆ ಇರಲಿಲ್ಲ. ಮಠದಾಗ ಎಡಿ ಪಾತ್ರಿ ಮ್ಯಾಲ ಒದ್ದಿ ಅರಿವಿ ಹಾಕ್ತಿದ್ವಿ, ಧೂಳ ಕೂಡಂಗಿಲ್ಲ, ಯಾರ ನೆಳ್ಳೂ ತಾಕಂಗಿಲ್ಲ. ಒಣ ಅರಿವಿಗಿಂತ ಒದ್ದಿದು ಹೆಚ್ಚ ಮಡಿ ಅಲ್ರಿ? ಕುದಿಸಿದ ನೀರಾಗ ಅದ್ದಿ ಹಾಕ್ತೀನಿ, ಆರಿದಂಗೆಲ್ಲಾ ಮತ್ತ ಅದ್ದತೀನಿ. ಡಾಕ್ಟರ್ ಸಾಹೇಬ್ರು ನೋಡಿ ಛಲೋ ಮಾಡೀದಿ ಅಂದ್ರು."

ಒಣ ಗಂಟಿನ ಎರಡು ಪದರ ಬಟ್ಟೆ ಕ್ರಿಮಿಯನ್ನು ಹೊರಗೆ ತಡೆಯುತ್ತದೆ. ಅದೇ ಬಟ್ಟೆ ಒದ್ದೆಯಾದರೆ ನೀರು ಒಳಕ್ಕೆ ಇಳಿಯುತ್ತದೆ, ನೀರಿನ ಜೊತೆ ಕ್ರಿಮಿಯೂ ಇಳಿಯುತ್ತದೆ. ನೀರು ಕುದಿಸಿದ್ದೇ ಇರಬಹುದು, ಆದರೆ ಆರಿದ ಮೇಲೆ ಬಕೆಟಿನಲ್ಲಿ ದಿನಗಟ್ಟಲೆ ನಿಂತರೆ ಅದೇ ಕ್ರಿಮಿಯ ತವರುಮನೆ. ತರಬೇತಿಗೆ ಬರುವ ನರ್ಸಿಂಗ್ ಹುಡುಗಿಯರಿಗೆಲ್ಲ ಇದು ನನ್ನ ಎರಡನೆಯ ಪಾಠ: ಒದ್ದೆ ಗಂಟು ಸತ್ತ ಗಂಟು, ಬಿಸಾಕಿ. ವಿರೂಪಾಕ್ಷಮ್ಮನಿಗೆ ಎರಡನೆಯ ಪಾಠವೇ ಆಗಿರಲಿಲ್ಲ. ಯಂತ್ರದಿಂದ ಗಂಟು ಒಣಗಿಯೇ ಬರುತ್ತಿತ್ತು, ಹೇಳುವ ಪ್ರಸಂಗ ಬಂದಿರಲಿಲ್ಲ. ಮಡಿ ಎಂದಿದ್ದೆ, ಮುಗಿಯಿತು ಎಂದುಕೊಂಡಿದ್ದೆ.

ಆ ಅರಿವೆಯನ್ನು ಕಿತ್ತು ನೆಲಕ್ಕೆ ಬಡಿದೆ. ಬಕೆಟನ್ನು ಕಾಲಿನಿಂದ ಒದ್ದೆ. ಗಂಟುಗಳನ್ನೆಲ್ಲ ಎಳೆದು ಕೆಳಗೆ ಹಾಕಿದೆ. "ಹೊರಗ ನಡಿ! ಮೊದಲ ಹೊರಗ ನಡಿ ನೀನು!" ಎಂದು ಕೂಗಿದೆ. ಆಕೆ ಗೋಡೆಗೆ ಒತ್ತಿ ನಿಂತು ನೋಡಿದಳು, ಆಮೇಲೆ ಹೊರಗೆ ಹೋದಳು. ಏನು ತಪ್ಪಾಗಿದೆ, ಯಾಕೆ ತಪ್ಪು ಎಂದು ನಾನು ಹೇಳಲಿಲ್ಲ. ಮೂವತ್ತೊಂದು ವರ್ಷ ಪಾಠ ಹೇಳಿದ ಬಾಯಿಗೆ ಅವತ್ತು ಅದೊಂದು ಪಾಠ ಹೇಳಲು ಆಗಲಿಲ್ಲ.

ಬಕೆಟಿನ ತಳದಲ್ಲಿ ಉಳಿದ ನೀರನ್ನೂ ಮೂವರ ಗಾಯದ ಕೀವನ್ನೂ ಹೊಸಪೇಟೆಯ ಲ್ಯಾಬಿಗೆ ಕಳಿಸಿದೆ. ಎರಡರಲ್ಲೂ ಒಂದೇ ಕ್ರಿಮಿ ಎಂದು ಉತ್ತರ ಬಂತು. ಅಷ್ಟರಲ್ಲಿ ಮಲ್ಲೇಶ್ವರಿಯನ್ನು ಹುಬ್ಬಳ್ಳಿಗೆ ಒಯ್ದಿದ್ದರು. ಎರಡನೆಯ ದಿನ ಮಧ್ಯಾಹ್ನ ಅಲ್ಲಿಂದ ಫೋನು ಬಂತು. ಫೋನಿನಲ್ಲಿ ಗಂಡ ಶರಣಕುಮಾರ ಬರೀ "ಹೋದಳ್ರಿ" ಎಂದ.

ಆಸ್ಪತ್ರೆಯ ಮುಂದೆ ಜನ ಸೇರಿದರು. ಕಲ್ಲು ಬಿತ್ತು, ಪೊಲೀಸರು ಬಂದರು. ಕೊಪ್ಪಳದಿಂದ ಮೂರು ಜನರ ವಿಚಾರಣಾ ತಂಡ ಬರುತ್ತದೆ ಎಂದು ಗೊತ್ತಾದ ದಿನ ಡಾಕ್ಟರು ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಸಿಸ್ಟರ್, ನೀವು ಹೆಚ್ಚಿಗಿ ಏನೂ ಮಾತಾಡೂದು ಬ್ಯಾಡ. ತರಬೇತಿ ಕೊಟ್ಟೀನಿ, ಆಕಿ ಪಾಲಿಸಿಲ್ಲ, ಇಷ್ಟ ಹೇಳ್ರಿ."

"ಒದ್ದಿ ಅರಿವಿ ನೀವೂ ನೋಡಿದ್ರಂತ ಸರ್. ಛಲೋ ಮಾಡೀದಿ ಅಂದ್ರಂತ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ನಾ ಒಂದು ಅರಿವಿ ನೋಡೀನಿ. ಒದ್ದಿ ಐತೋ ಒಣಗೈತೋ ಮುಟ್ಟಿ ನೋಡೀನೇನು? ಆಸ್ಪತ್ರಿ ಮುಚ್ಚಿದ್ರ ಇಪ್ಪತ್ತೆರಡು ಮಂದಿ ಬೀದಿಗೆ ಬೀಳ್ತಾರ. ನೀವು ತಿಳಿದಾಕಿ, ವಿಚಾರ ಮಾಡ್ರಿ."

ನಾನು ವಿಚಾರ ಮಾಡಿದೆ. ಸುಳ್ಳು ಹೇಳುವುದಿಲ್ಲ, ಆದರೆ ಮಡಿಯ ಮಾತನ್ನು ನಾನಾಗಿ ಎತ್ತುವುದೂ ಇಲ್ಲ ಎಂದು ತೀರ್ಮಾನಿಸಿದೆ. ಇದನ್ನು ತೀರ್ಮಾನ ಎಂದು ಕರೆಯುತ್ತಿದ್ದೇನೆ. ಹೆದರಿಕೆ ಎನ್ನುವುದೇ ಸರಿ. ಮೂವತ್ತೊಂದು ವರ್ಷ ಕಾಪಾಡಿಕೊಂಡು ಬಂದ ಹೆಸರಿನ ಹೆದರಿಕೆ.

ವಿಚಾರಣೆಯ ದಿನ ವಿರೂಪಾಕ್ಷಮ್ಮ ಒಗೆದ ಸೀರೆಯುಟ್ಟು ಕೈ ಮುಗಿದು ನಿಂತಳು. ಹಿರಿಯ ಅಧಿಕಾರಿ ಮೊದಲು ಕೇಳಿದ್ದೇ ಅದನ್ನು.

"ಅಸೆಪ್ಸಿಸ್ ಅಂದ್ರ ಏನು, ಗೊತ್ತೈತೇನಮ್ಮಾ?"

"ಅಸೆಪ್ಸಿಸ್ ಅಂದ್ರ ರೋಗದ ಕ್ರಿಮಿ ಒಂದೂ ಇಲ್ಲದ ಸ್ಥಿತಿರಿ." ಒಂದಕ್ಷರ ತಪ್ಪಲಿಲ್ಲ. ಹೇಳಿ ನನ್ನ ಕಡೆ ನೋಡಿದಳು, ಮಾಸ್ತರರ ಮುಂದೆ ಮಗ್ಗಿ ಒಪ್ಪಿಸಿದ ಹುಡುಗಿಯ ಹಾಗೆ.

ಅಧಿಕಾರಿ ಬರೆದುಕೊಂಡರು. "ಒದ್ದಿ ಅರಿವಿ ನೀನ ಹಾಕೀದೇನು?"

"ಹೌದ್ರಿ, ನಾನ ಹಾಕೀನಿ."

"ಗೊತ್ತಿದ್ದೂ ಹಿಂಗ ಮಾಡೀದಿ."

"ಏನ ಮಾಡೀನ್ರಿ?" ಎಂದು ಆಕೆ ಕೇಳಿದಳು. ಉತ್ತರ ಯಾರೂ ಕೊಡಲಿಲ್ಲ. ಆಕೆಯನ್ನು ಹೊರಗೆ ಕಳಿಸಿ ನನ್ನನ್ನು ಕರೆದರು.

"ಇವರಿಗೆ ತರಬೇತಿ ಕೊಟ್ಟಾಕಿ ನೀವು?"

"ಹೌದು."

"ಗಂಟಿನ ಮ್ಯಾಲ ಒದ್ದಿ ಅರಿವಿ ಹಾಕಂತ ಹೇಳಿದ್ರೇನು?"

"ಇಲ್ಲ."

ಎರಡೂ ಉತ್ತರ ನಿಜ. ನಿಜವನ್ನೇ ಹೇಳಿ ಒಬ್ಬರನ್ನು ಮಣ್ಣು ಮಾಡಬಹುದು ಎಂದು ನನಗೆ ಅವತ್ತು ತಿಳಿಯಿತು. ಇನ್ನೊಂದು ಪ್ರಶ್ನೆ ಕೇಳಲಿ, ಕೇಳಿದರೆ ಹೇಳಿಬಿಡುತ್ತೇನೆ ಎಂದು ಕಾದೆ. ಅವರು ಕಾಗದ ಜೋಡಿಸಿಕೊಂಡು ಚಹಾ ತರಿಸಿದರು. ಅದೇ ಸಂಜೆ ವಿರೂಪಾಕ್ಷಮ್ಮನನ್ನು ಕೆಲಸದಿಂದ ತೆಗೆದರು. ನಿರ್ಲಕ್ಷ್ಯದಿಂದ ಸಾವು ಎಂದು ಆಕೆಯೊಬ್ಬಳ ಹೆಸರಿನಲ್ಲಿ ಕೇಸಾಯಿತು. ಪೊಲೀಸರು ಎರಡು ಸಲ ಠಾಣೆಗೆ ಕರೆಸಿ ದಿನವಿಡೀ ಕೂರಿಸಿದರಂತೆ. ಆಸ್ಪತ್ರೆ ಹದಿನೈದು ದಿನ ಮುಚ್ಚಿ ಮತ್ತೆ ತೆರೆಯಿತು, ಈ ಸಲ ಕಿಟಕಿಗೆ ಹೊಸ ಜಾಲರಿಯೂ ಬಂತು.

ನಾನು ಕೆಲಸಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ. ಅನ್ನ ಸೇರುತ್ತಿರಲಿಲ್ಲ. ಫೆಬ್ರವರಿಯಲ್ಲಿ ಒಂದು ಮುಂಜಾನೆ ಬಸವಣ್ಣೆಮ್ಮ ಮೊಮ್ಮಗಳನ್ನು ಎತ್ತಿಕೊಂಡು ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದಳು. ಕೂಸು ಎರಡು ತಿಂಗಳಿನದು, ಬಾಟಲಿ ಹಾಲು ಕುಡಿದು ಬಡಕಲಾಗಿತ್ತು. ನನ್ನನ್ನು ಕಂಡು ಹತ್ತಿರ ಬಂದಳು.

"ಅಕ್ಕಾರ, ನೀವಿದ್ದಿದ್ರ ನಮ್ಮ ಹುಡುಗಿ ಉಳೀತಿದ್ಲು. ನಿಮ್ಮ ಕೈಗುಣ ಭಾಳ ಛಲೋ ಅಂತ ಊರೆಲ್ಲಾ ಅಂತಾರ. ಆ ಮುದುಕಿ ಕೈಗೆ ಹುಳಾ ಬೀಳ್ಲಿ. ಆಕಿ ಮನಿಯಾಗ ದೀಪ ಹಚ್ಚವರು ಇರದಂಗ ಆಗ್ಲಿ" ಎಂದು ಕೂಸಿನ ತಲೆಯ ಮೇಲೆ ಕಣ್ಣೀರು ಸುರಿಸಿದಳು.

ಶಾಪ ಯಾರಿಗೆ ಮುಟ್ಟಬೇಕಿತ್ತೋ ಅವಳು ಎದುರಿಗೇ ನಿಂತು ಹೊಗಳಿಸಿಕೊಳ್ಳುತ್ತಿದ್ದಳು. ನನಗೆ ನನ್ನ ಮೇಲೆ ಹೇಸಿಗೆ ಬಂತು. ಅವತ್ತೇ ಮಧ್ಯಾಹ್ನ ಕೂತು ನಾಲ್ಕು ಹಾಳೆ ಬರೆದೆ. ಓದು ಬಾರದವಳಿಗೆ ಅಸೆಪ್ಸಿಸ್ ಅಂದರೆ ಮಡಿ ಎಂದು ಹೇಳಿದವಳು ನಾನು. ಮಠಗಳಲ್ಲಿ ಒದ್ದೆ ಮಡಿಯ ರೂಢಿಯಿದೆ ಎಂದು ಚಿಕ್ಕಂದಿನಿಂದ ನೋಡಿದ್ದೂ ಎಚ್ಚರಿಸದವಳು ನಾನು. ಬಾಯಿಪಾಠ ಮಾಡಿಸಿ ತರಬೇತಿ ಎಂದು ಸಹಿ ಹಾಕಿದವಳು ನಾನು. ಡಾಕ್ಟರು ಅರಿವೆ ನೋಡಿ ಮೆಚ್ಚಿದ ಮಾತನ್ನೂ ಬರೆದೆ. ಮರುದಿನ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋಗಿ ಅದೇ ಅಧಿಕಾರಿಯ ಮುಂದೆ ಇಟ್ಟೆ.

ಅವರು ಓದಿ ಮುಗಿಸಿ ನನ್ನನ್ನು ಮೇಲೆ ಕೆಳಗೆ ನೋಡಿದರು. "ಯಾಕ್ರಿ ಸಿಸ್ಟರ್, ನಿಮ್ಮನ್ನ ಯಾರೂ ಕೇಳಿಲ್ಲ. ನಿಮ್ಮ ನೋಂದಣಿನೂ ಹೋಗಬಹುದು, ಕೇಸಿನಾಗ ನಿಮ್ಮ ಹೆಸರೂ ಬರಬಹುದು."

"ಬರ್ಲಿ ಅಂತನ ತಂದೀನಿ. ಸ್ವೀಕೃತಿ ಹಾಕಿ ಕೊಡ್ರಿ."

ಠಸ್ಸೆ ಒತ್ತಿ ಕೊಟ್ಟರು. ಡಾಕ್ಟರಿಗೆ ಫೋನು ಮಾಡಿ ಹೇಳಿದೆ, ನಾಳೆಯಿಂದ ಬರಬೇಡಿ ಎಂದು ಇಟ್ಟುಬಿಟ್ಟರು. ತಿಂಗಳುಗಳ ಮೇಲೆ ಮೊದಲ ಸಲ ನನಗೆ ಹಸಿವಾಯಿತು. ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಿರ್ಚಿ ಮಂಡಕ್ಕಿ ತಿಂದೆ. ಈಗ ವಿರೂಪಾಕ್ಷಮ್ಮನಿಗೆ ಹೇಳಬೇಕು, ಆಕೆಯ ತಲೆಯ ಮೇಲಿನದನ್ನು ಇಳಿಸಿಬಿಟ್ಟೆ ಎಂದು ಹೇಳಬೇಕು ಅನ್ನಿಸಿತು. ಗಂಗಾವತಿಗೆ ಬಂದವಳು ಮನೆಗೂ ಹೋಗದೆ ನೇರ ಆಕೆಯ ಮನೆ ಹುಡುಕಿಕೊಂಡು ನಡೆದೆ. ನಿಜ ಹೇಳಬೇಕೆಂದರೆ ಹುರುಪಿನಲ್ಲೇ ನಡೆದೆ.

ಕಾಲುವೆಯ ದಂಡೆಗೆ ಅಂಟಿಕೊಂಡ ತಗಡಿನ ಮನೆ. ಮಗಳು ಅಮೃತಾ ಸಂಕ್ರಾಂತಿಯ ಮರುದಿನ ಹೆತ್ತಿದ್ದಳು. ಹಿತ್ತಲಿನ ಬಿಸಿಲಿನಲ್ಲಿ ವಿರೂಪಾಕ್ಷಮ್ಮ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆಯುತ್ತಿದ್ದಳು. ಬಿಸಿನೀರನ್ನು ಅಂಗೈಯಲ್ಲಿ ಹಿಡಿದು ಎಣ್ಣೆ ಹಚ್ಚಿದ ಮೈ ತಿಕ್ಕುತ್ತಿದ್ದಳು. ಕೂಸು ಅಳದೆ ಕಣ್ಣು ಪಿಳಿಪಿಳಿ ಬಿಡುತ್ತಿತ್ತು.

"ಬರ್ರಿ ಅಕ್ಕಾರ, ಬರ್ರಿ! ಅಮೃತಾ, ಚಾ ಇಡವಾ, ನಮ್ಮ ಅಕ್ಕಾರ ಬಂದಾರ!" ಆಕೆಯ ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಸೊರಗಿದ್ದಳು, ಆದರೆ ಮುಖ ಶಾಂತವಾಗಿತ್ತು. ನನಗಿಂತ ಶಾಂತವಾಗಿತ್ತು.

"ಹೆಂಗದೀಯವಾ?" ಎಂದು ಮೆಟ್ಟಿಲ ಮೇಲೆ ಕೂತೆ.

"ಹೆಂಗಿರೂದ್ರಿ. ಠಾಣೇಕ ಕರೀತಾರ, ಹೋಗಿ ಕುಂದರ್ತೀನಿ. ದೊಡ್ಡವರು ಯಾರ ಮ್ಯಾಲರ ಹಾಕಬೇಕಲ್ರಿ, ನನ್ನ ಮ್ಯಾಲ ಹಾಕ್ಯಾರ. ಹಾಕ್ಲಿ ಬಿಡ್ರಿ. ಆ ಹುಡುಗಿ ಹಣೇಬರಾ ಅಷ್ಟ ಇತ್ತು. ನನ್ನ ಕೈಯಿಂದ ಏನೂ ಕೆಟ್ಟದ್ದಾಗಿಲ್ಲ ಅನ್ನೂದು ನನಗ ಗೊತ್ತೈತಿ, ದೇವರಿಗೆ ಗೊತ್ತೈತಿ. ಅದಕ್ಕ ನಿದ್ದಿ ಬರ್ತೈತ್ರಿ ನನಗ, ಸುಳ್ಳ ಯಾಕ ಹೇಳ್ಲಿ."

ಅಲ್ಲಿಗೆ ನಾನು ಎದ್ದು ಬರಬಹುದಿತ್ತು. ಚಹಾ ಕುಡಿದು, ಕೂಸಿನ ಕೈಗೆ ಹತ್ತು ರೂಪಾಯಿ ಇಟ್ಟು ಬರಬಹುದಿತ್ತು. ಕಾಗದ ಹೇಗೂ ಕೊಪ್ಪಳ ಮುಟ್ಟಿತ್ತು.

"ವಿರೂಪಾಕ್ಷಮ್ಮ, ತಪ್ಪು ನಂದು" ಎಂದೆ. "ಹಂಗಂತ ಬರದು ಕೊಟ್ಟು ಬಂದೀನಿ. ಎಲ್ಲಾ ನನ್ನ ಮ್ಯಾಲ ಬರ್ತೈತಿ."

"ನಿಮ್ಮದ್ಯಾತರ ತಪ್ಪ್ರಿ? ನೀವು ಊರಾಗ ಇರಲೇ ಇಲ್ಲ."

"ಮಡಿ ಅಂತ ಹೇಳಿದಾಕಿ ನಾ ಅಲ್ಲೇನು? ಒದ್ದಿ ಮಾಡಬಾರದು ಅಂತ ಹೇಳಲಿಲ್ಲ."

"ಯಾಕ್ರಿ, ಒದ್ದಿ ಮಾಡಿದ್ರ ಏನಾಕ್ಕೈತಿ?"

ಆಗ ನನಗೆ ಹೊಳೆಯಿತು. ನಾನು ಹೇಳಿರಲಿಲ್ಲ, ಅಧಿಕಾರಿಗಳು ಹೇಳಿರಲಿಲ್ಲ, ಪೊಲೀಸರು ಹೇಳಿರಲಿಲ್ಲ. ಇಷ್ಟು ದಿನ ಎಲ್ಲರೂ ಆಕೆಯನ್ನು ಅರಿವೆ ಹಾಕಿದ್ದು ಹೌದೋ ಅಲ್ಲವೋ ಎಂದು ಕೇಳಿದ್ದರು, ಅದರಿಂದ ಏನಾಯಿತು ಎಂದು ಒಬ್ಬರೂ ತಿಳಿಸಿರಲಿಲ್ಲ. ಆದರೆ ಬಾಯಿ ಬಿಟ್ಟಾಗಿತ್ತು. ನಾನು ಹೇಳಿದೆ. ಒಣ ಬಟ್ಟೆ ಹೇಗೆ ತಡೆಯುತ್ತದೆ, ಒದ್ದೆ ಬಟ್ಟೆ ಹೇಗೆ ದಾರಿ ಬಿಡುತ್ತದೆ, ನಿಂತ ನೀರಿನಲ್ಲಿ ಏನು ಬೆಳೆಯುತ್ತದೆ, ಎಲ್ಲವನ್ನೂ ಹೇಳಿದೆ. ಬ್ಯಾಕ್ಟೀರಿಯಾ ಎನ್ನಲಿಲ್ಲ, ಸೂಕ್ಷ್ಮಜೀವಿ ಎನ್ನಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ತಿಳಿಯಾಗಿ ಯಾರಿಗೂ ಪಾಠ ಹೇಳಿರಲಿಲ್ಲ.

ಆಕೆಯ ಕೈ ನಿಂತಿತು.

"ಕುದಿಸಿದ ನೀರ್ರಿ ಅದು."

"ಆರಿದ ಮ್ಯಾಲ ಬಕೆಟಿನಾಗ ನಿಂತಿತ್ತಲ್ಲವಾ."

"ಅಂದ್ರ ನಾ ಹೊಚ್ಚಿದ ಅರಿವಿಯಿಂದನ ಆತೇನ್ರಿ?"

"ನಿನಗ ಗೊತ್ತಿರಲಿಲ್ಲ. ನಾ ಹೇಳಿರಲಿಲ್ಲ."

"ಅದನ್ನ ಕೇಳಲಿಲ್ರಿ ನಾ. ಅರಿವಿಯಿಂದ ಆತೋ ಇಲ್ಲೋ?"

ಸುಳ್ಳು ಹೇಳಲು ಅದು ಕೊನೆಯ ಅವಕಾಶವಾಗಿತ್ತು. ನಾನು "ಹೌದು" ಎಂದೆ.

ವಿರೂಪಾಕ್ಷಮ್ಮ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಕೂಸಿನ ಮೈಮೇಲಿನ ನೀರು ಬಿಸಿಲಿಗೆ ಆರುತ್ತಿತ್ತು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

"ಬರದು ಕೊಟ್ಟ ಮ್ಯಾಲ ನಿಮ್ಮ ಭಾರ ಇಳೀತೇನ್ರಿ ಅಕ್ಕಾರ?"

ಚುಚ್ಚಲು ಕೇಳಿದ್ದಲ್ಲ ಅದು. ತಿಳಿದುಕೊಳ್ಳಲು ಕೇಳಿದ್ದು. ಇಳಿದದ್ದು ಹೌದು, ಎಲ್ಲಿಗೆ ಇಳಿಯಿತು ಎಂದು ಕಣ್ಣೆದುರಿಗೇ ಕಾಣುತ್ತಿತ್ತು.

ಆಕೆ ಮಗಳನ್ನು ಕೂಗಿದಳು. "ಅಮೃತಾ, ಬಾಯಿಲ್ಲೆ. ಕೂಸಿನ್ನ ತಗೊ."

ಅಮೃತಾ ಚಹಾ ಲೋಟ ಹಿಡಿದು ಬಾಗಿಲಿಗೆ ಬಂದಳು. "ಇನ್ನೂ ತಲಿಗೆ ಎರದಿಲ್ಲಲ್ಲವಾ."

"ನೀನ ಎರಿ. ಇನ್ನ ಮ್ಯಾಲ ನೀನ ಎರಿ."

ಅಮೃತಾ ನನ್ನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು, ಏನೂ ಅರ್ಥವಾಗದೆ ಲೋಟ ಕೆಳಗಿಟ್ಟು ಬಂದು ಕೂಸನ್ನು ಎತ್ತಿಕೊಂಡಳು. ತಣ್ಣನೆಯ ಗಾಳಿ ತಾಕಿ ಕೂಸು ಚೀರಿ ಅಳತೊಡಗಿತು. ಒರೆಸುವ ಅರಿವೆ, ಸೀಗೆಪುಡಿ ಎಲ್ಲ ಕೈಗೆಟುಕದೆ ಅವಳು ಗಡಿಬಿಡಿಯಾದಳು.

"ಯವ್ವಾ, ಒಂದೀಟು ಹಿಡಕೊ, ಅರಿವಿ ತರ್ತೀನಿ" ಎಂದಳು. ವಿರೂಪಾಕ್ಷಮ್ಮ ಕೇಳಿಸಲಿಲ್ಲವೆನ್ನುವಂತೆ ಕೂತೇ ಇದ್ದಳು. ಅಮೃತಾ ಇನ್ನೊಂದು ಸಲ ಕೂಗಿದಳು, ಈ ಸಲ ಸಿಟ್ಟಿನಿಂದ. ತಾಯಿ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಗೋಡೆಯ ಕಡೆ ತಿರುಗಿದಳು.

ಕಡೆಗೆ ಅರಿವೆಯನ್ನು ನಾನು ಎದ್ದು ಹೋಗಿ ತಂದುಕೊಟ್ಟೆ.